ಯಮುನಮ್ಮನ ಕ್ಯಾಪ್ಸೂಲು

ಜನವರಿ 6, 2024. ಬೆಳಿಗ್ಗೆ 7.30
ತಪ್ಪೊಪ್ಪಿಗೆ. ಸಾಗರದ ನಿವಾಸಿ, ನಿವೃತ್ತ ಇಂಗ್ಲಿಷ್ ಉಪನ್ಯಾಸಕ ನಾರಾಯಣಮೂರ್ತಿಯಾದ ನಾನು, ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಪಕ್ಕದ ಮನೆ ಯಮುನಮ್ಮನ ಬಚ್ಚಲೊಲೆಗೆ ಒಂದು ಚೊಂಬು ನೀರು ಹೊಯ್ದಿದ್ದೇನೆ. ಒಲೆ ಸ್ಥಳದಲ್ಲೇ ಸತ್ತಿತು. ಪಶ್ಚಾತ್ತಾಪವಿಲ್ಲ.

ಹಾಸ್ಟೆಲ್ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಸೌದೆ ಒಲೆ ಊದಿದ ಹೆಂಗಸು. ಶ್ವಾಸಕೋಶ ಮಸಿಬಟ್ಟೆಯಾಗಿದೆ. ಸಿಒಪಿಡಿ, ಉಸಿರುದಾರಿ ಕಟ್ಟುವ ಕಾಯಿಲೆ ಅಂದರು ಡಾಕ್ಟರು. ಮನೆಯಲ್ಲಿ ಗೀಸರ್ ಇದೆ—ಶೋಕಿಗೆ.

“ಹೊಗೆ ಇಲ್ದಿದ್ರೆ ನೀರು ಕಾದಂಗೇ ಅಲ್ಲ ಮೇಷ್ಟ್ರೇ.” ಇಷ್ಟು ಹೇಳಲು ಮೂರು ಸಲ ಕೆಮ್ಮಿದಳು. ಕಫ ನನ್ನ ದಾಸವಾಳದ ಬುಡಕ್ಕೆ. ಥೂ.

ಜನವರಿ 9
ಔಷಧ ಶುರುವಾಗಿ ಎರಡು ತಿಂಗಳು. ಗುಣ ಸೊನ್ನೆ. ಜಗಲಿಯಿಂದ ಗೇಟಿಗೆ ಹನ್ನೆರಡು ಹೆಜ್ಜೆ—ಎರಡು ಸಲ ಕೂತಳು. ತುಟಿ ನೀಲಿ.

“ದಮ್ಮು...”
“ದಮ್ ಇರೋರು ಹಿಂಗೆ ಕೂರ್ತಾರಾ?”

ನಕ್ಕಳು. ನಗುವೂ ಅರ್ಧಕ್ಕೇ ನಿಂತಿತು. ಇನ್ನು ತಮಾಷೆ ಮಾಡಬಾರದು.

ಜನವರಿ 15, ಮಧ್ಯಾಹ್ನ
ಕಣ್ಣಾರೆ ಕಂಡೆ. ಊಟ ಮುಗಿಸಿ ಕ್ಯಾಪ್ಸೂಲನ್ನು ಮಜ್ಜಿಗೆಯಲ್ಲಿ ನುಂಗಿದಳು! ಪ್ಲಾಸ್ಟಿಕ್ ಇನ್ಹೇಲರ್ ಕವರ್ ಸಮೇತ ಗೂಡಿನಲ್ಲಿ ಕೂತಿದೆ. ಕನ್ನಡಕ ಹಾಕಿ ಡಬ್ಬಿ ಓದಿದೆ: ಕ್ಯಾಪ್ಸೂಲನ್ನು ಅದರೊಳಗಿಟ್ಟು ತಿರುಗಿಸಿ, ಪುಡಿಯನ್ನು ಉಸಿರಲ್ಲಿ ಎಳೆದುಕೊಳ್ಳಬೇಕು. ಎರಡು ತಿಂಗಳ ಔಷಧ ಹೊಟ್ಟೆಪಾಲು.

“ಯಾವ ಅವಿವೇಕಿ ನುಂಗು ಅಂದಿದ್ದು?”
“ಹೋಗ್ಲಿ ಬಿಡಿ ಮೇಷ್ಟ್ರೇ.”

ಬಿಡುವುದಿಲ್ಲ. ಹೇಸಿಗೆಯಾಗುತ್ತಿದೆ. ಮೂರು ನಿಮಿಷದ ಡಾಕ್ಟರು, ಡಬ್ಬಿ ಎಸೆಯುವ ಮೆಡಿಕಲ್‌ನವರು, ಮೊಬೈಲ್ ಉಜ್ಜುವ ನರ್ಸುಗಳು... ಆಸ್ಪತ್ರೆಗೆ ದೂರಿನ ಅರ್ಜಿ ಬರೆದೆ, ಎರಡು ಪುಟ. ಈ ಬೀದಿಯಲ್ಲಿ ಇಂಗ್ಲಿಷ್ ಡಬ್ಬಿ ತಪ್ಪಿಲ್ಲದೆ ಓದುವವನು ನಾನೊಬ್ಬನೇ. ನನ್ನನ್ನು ಕೇಳಬಾರದಿತ್ತೇ?

ಜನವರಿ 17
ಆಸ್ಪತ್ರೆ. ಅರ್ಜಿ ಜೇಬಿನಲ್ಲಿ. ನರ್ಸ್ ಸೌಜನ್ಯ ಹಣೆ ಚಚ್ಚಿಕೊಂಡಳು.

“ಅಜ್ಜಿ, ನಾನೇ ತೋರ್ಸಿಕೊಟ್ಟಿದ್ನಲ್ಲ! ನುಂಗು ಅಂತ ಯಾರಂದ್ರು?”
“ನೀ ತೋರ್ಸಿದ್ದು ಮನೆ ಮುಟ್ಟೋದ್ರೊಳಗೆ ಮರ್ತೋಯ್ತು ಮಾರಾಯ್ತಿ. ಯಾರನ್ನೋ ಕೇಳ್ದೆ.”
“ಯಾರನ್ನ?”
“ಅದೂ ಮರ್ತೋಯ್ತು.” ನೆಲ ನೋಡಿದಳು.

ಸೌಜನ್ಯ ಮತ್ತೆ ಕಲಿಸಿದಳು. ಯಮುನಮ್ಮ ಮೊದಲ ಸಲ ಪುಡಿ ಎಳೆದುಕೊಂಡಳು.

ಬಸ್‌ಸ್ಟ್ಯಾಂಡಿನಲ್ಲಿ ನಾನು ಗದರಿದ ಮೇಲೆ ಬಾಯಿಬಿಟ್ಟಳು. “ಆ ಹುಡ್ಗಿ ಮುಂದೆ ಹೆಂಗೆ ಹೇಳ್ಲಿ ಮೇಷ್ಟ್ರೇ? ನವೆಂಬರಲ್ಲಿ ಗೇಟ್ ಹತ್ರ ನಿಂತಿದ್ರಿ. ಡಬ್ಬಿ ಕೊಟ್ಟೆ...”

ನೆನಪಾಯಿತು. ಅವತ್ತು ಕನ್ನಡಕ ಮನೆಯೊಳಗಿತ್ತು. ತರಲಿಲ್ಲ. ದೊಡ್ಡಕ್ಷರದ ಹೆಸರನ್ನು ಶುದ್ಧ ಉಚ್ಚಾರಣೆಯಲ್ಲಿ ಓದಿದೆ. ಕೆಳಗಿನ ಸಣ್ಣಕ್ಷರ ಕಾಣಲಿಲ್ಲ. ಕಾಣುತ್ತಿಲ್ಲ ಅನ್ನಲು ನಾಚಿಕೆ. ಊಟ ಆದ ಮೇಲೆ ನುಂಗಿ ಎಂದು ನಾನೇ—