ಸ್ವಂತ ಇಷ್ಟದಿಂದ

ಕ್ವಾರ್ಟ್ಜ್ ಬೋರ್, ದಕ್ಷಿಣ ಆಸ್ಟ್ರೇಲಿಯಾ
ಜೂನ್ ೧೮, ಮಂಗಳವಾರ

ಪ್ರೀತಿಯ ತಂಗಿ ಐವಿ,

ಹೇಗಿದ್ದೀಯೇ? ವಾರಕ್ಕೆ ಮೂರು ಸಲ ಆ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡಿ ಮಲಗುವುದು ರೂಢಿಯಾಯಿತೇ? ಅಡಿಲೇಡಿನ ಚಳಿಗೆ ನನ್ನ ಹಸಿರು ಸ್ವೆಟರ್ ಹಾಕಿಕೋ, ಹೊಸದೆಂದು ಎತ್ತಿಡಬೇಡ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ತೀರ್ಪು ಬಂತು, ನಾವು ಸೋತೆವು. ಸಾಲಕ್ಕೆಂದು ಜನರ ಬ್ಯಾಂಕ್ ಕಾರ್ಡು, ಪಿನ್ ಇಟ್ಟುಕೊಂಡು ಖಾತೆಯ ಹಣವನ್ನೆಲ್ಲ ತಾನೇ ತೆಗೆಯುವುದು ಅನ್ಯಾಯವೆಂದು ಕಳೆದ ವರ್ಷ ಜಡ್ಜಮ್ಮ ಹೇಳಿದಾಗ ಅಂಗಡಿಯ ಹ್ಯಾಲಮ್ ನಮ್ಮೆಲ್ಲರ ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಿಂದ ಸುರಿದು ಹಿಂದಿರುಗಿಸಿದ್ದನಲ್ಲ, ಆ ಆದೇಶವನ್ನು ದೇಶಕ್ಕೇ ದೊಡ್ಡದಾದ ಕ್ಯಾನ್‌ಬೆರಾದ ಹೈಕೋರ್ಟ್ ರದ್ದು ಮಾಡಿದೆ. ಐವರು ಜಡ್ಜುಗಳಲ್ಲಿ ಮೂವರು ಹ್ಯಾಲಮ್ ಪರ. ನಮಗಾಗಿ ಕೇಸು ಹಾಕಿದ್ದ ಹಣಕಾಸು ನಿಯಂತ್ರಣ ಕಚೇರಿಯ ವಕೀಲ ಸೈಮನ್ ಫೋನಿನಲ್ಲಿ ತೀರ್ಪು ಓದಿದ. ಸಭಾಭವನದಲ್ಲಿ ಎಲ್ಲರೂ ಕೂತು ಕೇಳಿದೆವು. "ನೀವು ದಡ್ಡರಲ್ಲ, ತಿಳಿದೇ ಕಾರ್ಡ್ ಕೊಟ್ರಿ ಅಂತಾರೆ. ಒಂಥರಾ ಅದೂ ಗೌರವಾನೇ" ಎಂದ. ಮೇ ತಿಂಗಳಲ್ಲಿ ಮಾವ ತೀರಿಕೊಂಡ ಮೇಲೆ ನಾವ್ಯಾರೂ ಅವನ ಹೆಸರೆತ್ತಿಲ್ಲ. ನಮ್ಮ ಜನರಲ್ಲಿ ಸತ್ತವರ ಹೆಸರು ಹೇಳಬಾರದೆಂದು ಸೈಮನ್‌ಗೆ ಯಾರೂ ಹೇಳಿರಲಿಲ್ಲ. ಮಾವ ಮೊದಲ ಸಾಕ್ಷಿಯಾದ್ದರಿಂದ ಪುಟಪುಟಕ್ಕೂ ಅದೇ ಹೆಸರು. ಅತ್ತೆ ಕಂಬಳಿ ಮುಸುಕೆಳೆದುಕೊಂಡು ಹೊರಗೆ ಓಡಿದಳು.

ಎರಡು ದಿನ ಕಟಕಟೆಯಲ್ಲಿ ನಿಂತ ನನಗೆ ತೀರ್ಪಿನಲ್ಲಿ ಸಿಕ್ಕಿದ್ದು ಒಂದೇ ಸಾಲು: 'ಆಕೆಯ ಅಸಮಾಧಾನ ವೈಯಕ್ತಿಕ.' ಅಮ್ಮ ಹೇಳಿದ್ದ "ಹ್ಯಾಲಮ್ ಒಳ್ಳೆಯವ್ನು, ಕೇಳಿದ್ರೆ ಇಲ್ಲ ಅನ್ನಲ್ಲ" ಮಾತ್ರ ಪೂರ್ತಿ ಅಚ್ಚಾಗಿದೆ. "ದೊಡ್ಡ ಕೋರ್ಟೇ ನನ್ ಮಾತು ಬರ್ಕೊಂಡಿದೆ, ಕಣೇ" ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾಳೆ.

ಮಾವನ ದೇಹ ಇನ್ನೂ ಪೋರ್ಟ್ ಅಗಸ್ಟಾದ ಶವಾಗಾರದಲ್ಲಿದೆ. ತರಲು ವ್ಯಾನ್ ಬೇಕು, ಪೆಟ್ರೋಲ್ ಬೇಕು. ಇನ್ನೂರು ಕಿಲೋಮೀಟರಿಗೆ ಇರುವುದು ಹ್ಯಾಲಮ್‌ನ ವ್ಯಾನೊಂದೇ, ಪಂಪೊಂದೇ. ನಿನ್ನೆ ಅಮ್ಮನ ಜೊತೆ ಹೋದೆ. ಅಂಗಡಿ ತುಂಬ ಜನ. "ಬಾ ಡೆಲ್ಮಾ, ಕೋರ್ಟಲ್ಲಿ ಎಷ್ಟ್ ಚೆನ್ನಾಗಿ ಮಾತಾಡ್ದೆ! ಇಲ್ಲೂ ಸ್ವಲ್ಪ ಮಾತಾಡು" ಎಂದ. ಕಾರ್ಡನ್ನು ಮೇಜಿನ ಮೇಲಿಟ್ಟೆ. ಮುಟ್ಟಲಿಲ್ಲ. "ನಾನ್ಯಾರನ್ನೂ ಬಲವಂತ ಮಾಡಲ್ಲಮ್ಮ. ನಿನ್ನ ಇಷ್ಟ ಅಂತ ನೀನೇ ಹೇಳು. ಜೋರಾಗಿ. ಹಿಂದಿರೋರ್ಗೂ ಕೇಳ್ಲಿ." ಹೇಳಿದೆ. ಕೇಳಿಸಲಿಲ್ಲವೆಂದ. ಮೂರನೇ ಸಲ ಕೂಗಿದೆ. ಯಾರೂ ನಗಲಿಲ್ಲ, ಅಮ್ಮನನ್ನು ಬಿಟ್ಟು. ಆಮೇಲೆ ವಕೀಲರಿಂದ ಬರೆಸಿಟ್ಟಿದ್ದ ಹೊಸ ಒಪ್ಪಿಗೆ ಕಾಗದ ಮುಂದಿಟ್ಟ; 'ಸ್ವಂತ ಇಷ್ಟದಿಂದ' ಎಂದು ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡ.

ಶುಕ್ರವಾರ ಮಣ್ಣು ಮಾಡುತ್ತೇವೆ. ನೀನು ಅಲ್ಲೇ ಕೂತು ಅತ್ತುಬಿಡು, ಬರುವ ಹಠ ಮಾಡಬೇಡ. ನಿನ್ನ ರಕ್ತ ತಿಳಿಯಾಗಲಿ, ಮೈಗೆ ಬಲ ಬರಲಿ. ಅತ್ತೆ ನಿನ್ನ ಹಣೆಗೊಂದು ಮುತ್ತು ಕಳಿಸಿದ್ದಾಳೆ.

ನಿನ್ನ ಅಕ್ಕ,
ಡೆಲ್ಮಾ

ಟಪಾಲಿನ ಗಾಡಿ ಬಂತು, ಬೇಗ ಬರೆಯುತ್ತೇನೆ. ನೀನು ಮನೆಯಲ್ಲೇ ಮರೆತುಹೋಗಿ ಕಳಿಸೆಂದಿದ್ದ ನಿನ್ನ ಕಾರ್ಡನ್ನು ಈ ಲಕೋಟೆಯಲ್ಲಿ ಹುಡುಕಬೇಡ. ನನ್ನ ಕಾರ್ಡೊಂದೇ ವ್ಯಾನಿಗೆ ಸಾಲದೆಂದ ಹ್ಯಾಲಮ್. ನಿನ್ನ ಪಿನ್ ಅಮ್ಮನೇ ಹೇಳಿದಳು, ನಿನ್ನ ಸಹಿ ನಾನೇ ಹಾಕಿದೆ. ಅವನು ನೋಡುತ್ತಲೇ ಇದ್ದ, ಏನೂ ಕೇಳಲಿಲ್ಲ. ಆಸ್ಪತ್ರೆಯ ಹಾಸ್ಟೆಲಿನಲ್ಲಿ ಊಟ ಹಾಕುತ್ತಾರಲ್ಲವೇ? ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಬೇಡ, ಐವಿ. ನಿಲ್ಲಿಸಿದರೆ ವ್ಯಾನ್ ಹೊರಡುವುದಿಲ್ಲ.