ಪಂಕಜಮ್ಮನ ಬಟ್ಟಲು

ಪಡುವಣ ತೆಪ್ಪನಗರ, ಹದಿನೇಳನೇ ಕೇರಿ
ಇಸವಿ 2231, ಮಂಜುವಾರ

ಆಯಿ,

ಮಂಜುವಾರ ಅಂದರೆ ಯಾವ ವಾರ ಅಂತ ಹುಬ್ಬೇರಿಸಬೇಡ. ನಮ್ಮಲ್ಲಿ ವಾರಕ್ಕೆ ಎಂಟು ದಿನ. ಭಾನುವಾರ ಮುಗಿದು ಸೋಮವಾರ ಶುರುವಾಗುವ ಮೊದಲು ಒಂದು ದಿನ, ಕಡಲ ಮೇಲಿನ ಮಂಜು ತಾನಾಗಿ ಕರಗಲಿ ಅಂತ ಎಲ್ಲರೂ ಸುಮ್ಮನಿರುತ್ತೇವೆ. ಅದೇ ಮಂಜುವಾರ. ನನ್ನ ಮಾತಿನಲ್ಲಿ ಇಂಥ ವಿಚಿತ್ರಗಳು ಇನ್ನೂ ನಾಲ್ಕಾರು ಬಂದಾವು, ಹೊಟ್ಟೆಗೆ ಹಾಕಿಕೋ. ಎಲ್ಲಕ್ಕಿಂತ ದೊಡ್ಡ ವಿಚಿತ್ರ ಅಂದರೆ ನಿನಗೀಗ ಇಪ್ಪತ್ನಾಲ್ಕು, ನನಗೆ ಇಪ್ಪತ್ತೊಂಬತ್ತು. ನನಗಿಂತ ಚಿಕ್ಕವಳನ್ನು ಆಯಿ ಅಂತ ಕರೆಯಲು ನನಗೇ ನಗು. ಏನು ಮಾಡಲಿ, ಗಂಗಮಾಳವ್ವ ಅನ್ನುವ ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಅಜ್ಜಿಯನ್ನು ಆಯಿ ಅನ್ನುವುದು ನಿನ್ನ ರಾಣೆಬೆನ್ನೂರಿನಿಂದಲೇ ನಮಗೆ ಬಂದ ರೂಢಿ. ಊರು ಬಿಟ್ಟರೂ ಆ ಮಾತು ಬಿಟ್ಟಿಲ್ಲ.

ಈ ಕಾಗದ ನಿನಗೆ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಅಂದರೆ ಕಾಲದ ಹಿಂದಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಅದೂ ಸ್ವಂತ ವಂಶದವರಿಗೆ ಮಾತ್ರ. ಓದುವವರು ಮಧ್ಯಾಹ್ನದ ನಿದ್ದೆಯಲ್ಲಿ ಓದುತ್ತಾರಂತೆ, ಎದ್ದ ಮೇಲೆ ಕೊನೆಯ ಒಂದು ವಾಕ್ಯ ಬಿಟ್ಟು ಬೇರೇನೂ ನೆನಪಿರುವುದಿಲ್ಲವಂತೆ. ಅಂಚೆಮನೆಯ ಕಿಟಕಿಯ ಹಿಂದೆ ಕೂತಿದ್ದವನು ಏನು ವಿಷಯ ಅಂತ ಕೇಳಿದ. ಜನ ಪ್ರವಾಹ, ರೋಗ, ಮನೆತನದ ಜಗಳ ಅಂತೆಲ್ಲ ಬರೆಸುತ್ತಾರೆ. ನಾನು ಒಂದು ಸ್ಟೀಲ್ ಬಟ್ಟಲಿನ ವಿಷಯ ಅಂದೆ. ಅವನು, ಸರಿ ತಾಯಿ, ನಿಮ್ಮಿಷ್ಟ, ಅಂತ ಮುದ್ರೆ ಒತ್ತಿದ.

ನೀನೀಗ ಕಾಮಾಕ್ಷಿಪಾಳ್ಯದ ಎರಡನೇ ಮಹಡಿಯ ರೂಮಿನಲ್ಲಿ ಚಾಪೆಯ ಮೇಲೆ ಮಲಗಿದ್ದೀಯ. ಬೆಂಗಳೂರಿಗೆ ಬಂದು ಇಪ್ಪತ್ತು ದಿನವಾಗಿದೆ. ರಾಣೆಬೆನ್ನೂರಿನ ಕನ್ನಡಕದಂಗಡಿ ಮುಚ್ಚಿತು, ಗಾಜು ಉಜ್ಜಿ ಚೌಕಟ್ಟಿಗೆ ಕೂಡಿಸುವ ಕೈಚಳಕವೊಂದನ್ನೇ ನಂಬಿ ಹೊರಟುಬಂದೆ. ಕೆಲಸ ಎಲ್ಲಿ ಸಿಗುತ್ತದೋ ಗೊತ್ತಿಲ್ಲದೆ ಮನೆ ಎಲ್ಲಿ ಮಾಡುವುದು ಅಂತ ಎಲ್ಲರೂ ನಿನಗೆ ಬುದ್ಧಿ ಹೇಳಿದರು. ಬಸ್ ಸ್ಟ್ಯಾಂಡ್ ಹತ್ತಿರ ಮಾಡು ಅಂದರು, ದೊಡ್ಡ ಅಂಗಡಿಗಳ ಬೀದಿಯಲ್ಲಿ ಮಾಡು ಅಂದರು. ನೀನು ಎರಡು ರೂಮು ನೋಡಿದೆ. ರಾಜಾಜಿನಗರದ ರೂಮಿಗೆ ಬೆಳಕಿತ್ತು, ನೀರಿತ್ತು, ಕೆಳಗೇ ಬಸ್ಸಿತ್ತು. ಆದರೆ ನಿನ್ನ ಅವ್ವ ಹೇಳಿ ಕಳಿಸಿದ್ದ ಮಾತು ಬೇರೆ: ಮನೆ ನೋಡಬೇಡ, ಪಕ್ಕದ ಮನೆ ನೋಡು, ಹೋಗಿ ಹೆಪ್ಪು ಕೇಳು. ರಾಜಾಜಿನಗರದಲ್ಲಿ ಪಕ್ಕದ ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆದು ಮುಚ್ಚಿಕೊಂಡಿತು. ಕಾಮಾಕ್ಷಿಪಾಳ್ಯದಲ್ಲಿ ಪಂಕಜಮ್ಮ ಬಾಗಿಲು ಪೂರ್ತಿ ತೆರೆದಳು. ಯಾರು, ಯಾವ ಊರು, ಯಾವ ಜನ, ಒಂದೂ ಕೇಳಲಿಲ್ಲ. ಕನ್ನಡಕದ ಕೆಲಸ ಹುಡುಕುತ್ತಿದ್ದೇನೆ ಅಂತ ನೀನೇ ಹೇಳಿದೆ. ಒಂದು ಪುಟ್ಟ ಬಟ್ಟಲಿಗೆ ಎರಡು ಚಮಚ ಮೊಸರು ಹಾಕಿ, ತಗೊಳ್ಳಮ್ಮ, ಬಟ್ಟಲು ನಿಧಾನವಾಗಿ ಕೊಡು, ಅಂದಳು. ನೀನು ಅವತ್ತೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ನಿಧಾನವಾಗಿ ಕೊಡು ಅಂದದ್ದೇ ತಪ್ಪಾಯಿತು ನೋಡು. ಆರು ತಲೆಮಾರಾದರೂ ನಾವು ಕೊಟ್ಟಿಲ್ಲ!

ಆ ಬಟ್ಟಲು ಈಗ ನನ್ನ ಮುಂದಿದೆ. ಅಂಚಿನ ಕೆಳಗೆ ಚುಕ್ಕಿಚುಕ್ಕಿಯಾಗಿ ಕೆತ್ತಿದ 'ಪಂಕಜ, ಸೋದರತ್ತೆಯ ಉಡುಗೊರೆ' ಅನ್ನುವ ಅಕ್ಷರಗಳು ಸವೆದು ಬೆರಳಿಗಷ್ಟೇ ತಿಳಿಯುತ್ತವೆ. ಹೆಣ್ಣುಮಕ್ಕಳಿಂದ ಹೆಣ್ಣುಮಕ್ಕಳಿಗೆ ಬಂದದ್ದು, ಜೊತೆಗೆ ಕಥೆಯೂ ಬಂದದ್ದು. ಕಥೆಯಲ್ಲಿ ಹೆಚ್ಚಿನದು ನಿನಗಿನ್ನೂ ಮುಂದೆ ಆಗಬೇಕಾದದ್ದು, ನನಗೆ ಎಂದೋ ಆಗಿಹೋದದ್ದು. ಖಾಲಿ ಬಟ್ಟಲು ವಾಪಸ್ ಕೊಡಬಾರದು ಅಂತ ನೀನು ಸುಮ್ಮನಾದೆ. ಮೊದಲ ಸಂಬಳ ಬರಲಿ, ಒಂದಿಷ್ಟು ಶಾವಿಗೆ ಪಾಯಸ ಮಾಡಿ ತುಂಬಿ ಕೊಡೋಣ ಅಂದುಕೊಂಡೆ. ಸಂಬಳ ಬರಲಿಲ್ಲ. ಆಮೇಲೆ ಮುಖ ತೋರಿಸಲು ನಾಚಿಕೆಯಾಯಿತು. ಪಂಕಜಮ್ಮನ ಬಾಗಿಲು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಅವಳು ಎರಡು ಸಲ ನಿನ್ನ ಬಾಗಿಲು ತಟ್ಟಿದಳು, ಬಟ್ಟಲು ಕೇಳಲು ಬಂದಳೆಂದು ನೀನು ಉಸಿರು ಬಿಗಿಹಿಡಿದು ಒಳಗೇ ಕೂತೆ. ಅಷ್ಟರಲ್ಲಿ ಅವಳ ಗಂಡನಿಗೆ ವರ್ಗವಾಗಿ ಅವರು ಮನೆ ಖಾಲಿ ಮಾಡಿಕೊಂಡು ಹೋದರು. ಏಳು ತಿಂಗಳು ನೀನು ಒಂದು ಹೊತ್ತು ಉಂಡು ಅಲೆದೆ. ಎರಡು ವರ್ಷ ಕಳೆದ ಮೇಲೆ ಕನ್ನಡಕದಂಗಡಿಯ ಒಬ್ಬ ಯಜಮಾನರು ನಿನ್ನ ವಿಳಾಸ ಕೇಳಿ ಹಣೆ ಚಚ್ಚಿಕೊಂಡರಂತೆ: ಪಂಕಜಕ್ಕ ಹೇಳಿದ್ದ ಹುಡುಗಿ ನೀನೇ ಏನಮ್ಮ, ನಿನಗೋಸ್ಕರ ಒಂದು ತಿಂಗಳು ಕುರ್ಚಿ ಖಾಲಿ ಇಟ್ಟಿದ್ದೆನಲ್ಲ!

ಅವಳು ಬಾಗಿಲು ತಟ್ಟಿದ್ದು ಅದನ್ನು ಹೇಳಲು, ಆಯಿ. ಬಟ್ಟಲಿನ ನೆನಪೂ ಅವಳಿಗಿರಲಿಲ್ಲವೋ ಏನೋ. ಈ ಭಾಗ ಹೇಳುವಾಗ ನನ್ನ ಅಜ್ಜಿ ಪ್ರತಿ ಸಲ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ ಕೇಳು. ನಮ್ಮ ತೆಪ್ಪನಗರ ಕಡಲ ಮೇಲೆ ತೇಲುವ ಊರು. ನಲವತ್ತು ಕೇರಿಗಳು, ಒಂದೊಂದೂ ಒಂದೊಂದು ದೊಡ್ಡ ತೆಪ್ಪ. ಬೆಳಿಗ್ಗೆ ಎದ್ದಾಗ ಎದುರಿಗಿದ್ದ ಕೇರಿ ಮಧ್ಯಾಹ್ನಕ್ಕೆ ಪಕ್ಕಕ್ಕೆ ಸರಿದಿರುತ್ತದೆ, ಅಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕೈಬೀಸುತ್ತ ಮಂಜಿನೊಳಗೆ ಹೊರಟುಹೋಗುತ್ತಾಳೆ. ಕುಡಿಯುವ ನೀರು ಮಂಜುಬಲೆಯಿಂದ; ಮನೆಯ ಮೇಲೆ ಕಟ್ಟಿದ ತೆಳು ಬಲೆ ಮಂಜನ್ನು ಹಿಡಿದು ಹನಿಹನಿಯಾಗಿ ಕೊಡಕ್ಕೆ ಇಳಿಸುತ್ತದೆ, ಇಡೀ ಊರು ಆ ಟಪಟಪ ಸದ್ದಿನಲ್ಲೇ ಎಚ್ಚರವಾಗುವುದು. ನನಗೆ ಗೊತ್ತಿರುವ ಕಸುಬು ಆ ಬಲೆ ನೇಯುವುದು. ನನ್ನ ಹಾಗೆ ದಡದಿಂದ ಹೊಸದಾಗಿ ಬಂದವರನ್ನು ಊರ ಹೆಬ್ಬಾಗಿಲಲ್ಲಿ ಮೊದಲು ಕೇಳುವುದು ಯಾವ ಕೇರಿಯಲ್ಲಿ ಮನೆ ಅಂತ, ಕೆಲಸ ಆಮೇಲೆ. ಮನೆಯ ಕರಾರು ಇವತ್ತಿಗೂ ಹನ್ನೊಂದೇ ತಿಂಗಳು. ಯಾಕೆ ಹನ್ನೊಂದು ಅಂದರೆ ಯಾರಿಗೂ ಗೊತ್ತಿಲ್ಲ. ಆ ಅವಧಿಯಲ್ಲಿ ಕೆಲಸ ಸಿಗದಿದ್ದರೆ ದೋಣಿ ಹತ್ತಿಸಿ ದಡಕ್ಕೆ ಕಳಿಸುತ್ತಾರೆ, ಮತ್ತೆ ಒಳಗೆ ಬಿಡುವುದಿಲ್ಲ. ನನ್ನದು ಒಂಬತ್ತು ತಿಂಗಳು ಆಗಿಹೋಗಿದೆ.

ನಾನೂ ಬಲೆಗಾರರ ಕೇರಿಯ ಹತ್ತಿರವೇ ಮನೆ ಮಾಡಬಹುದಿತ್ತು. ಅಲ್ಲಿ ಹೆಪ್ಪು ಕೇಳಿದರೆ, ಅಂಗಡಿ ಆ ಕಡೆ, ಅಂದರು. ಹದಿನೇಳನೇ ಕೇರಿಯಲ್ಲಿ ಮಾಸ್ತಮ್ಮ ಅನ್ನುವ ಮುದುಕಿ, ಬಾರೇ ಒಳಗೆ, ನೆನೆದು ಹೋಗಿದ್ದೀಯಲ್ಲ, ಅಂತ ಟವೆಲ್ ಕೊಟ್ಟಳು, ಹೆಪ್ಪನ್ನೂ ಕೊಟ್ಟಳು. ನಮ್ಮ ಕಾಲದ ಹಾಲು ಪಾಚಿಯದು, ತಿಳಿಹಸಿರು. ಆದರೂ ಹೆಪ್ಪಿಟ್ಟರೆ ನಿನ್ನ ಕಾಲದ ಹಾಗೇ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ನಿನ್ನ ಬಟ್ಟಲನ್ನು ಮನೆಯಿಂದ ಹೊರಗೆ ಒಯ್ಯಲು ನನಗೆ ಭಯ, ಬರಿಗೈಯಲ್ಲಿ ಹೋಗಿದ್ದೆ. ಅವಳು ತನ್ನ ನೀಲಿ ಬಟ್ಟಲಲ್ಲೇ ಕೊಟ್ಟಳು.

ಆ ನೀಲಿ ಬಟ್ಟಲು ಒಂಬತ್ತು ತಿಂಗಳಿಂದ ನನ್ನ ಗೂಡಿನಲ್ಲಿ ನಿನ್ನ ಬಟ್ಟಲಿನ ಪಕ್ಕ ಕೂತಿದೆ. ಕೆಲಸವಿಲ್ಲದವರಿಗೆ ಕೇರಿಯವರು ಹಾಕುವ ಗಂಜಿಯನ್ನು ಅದರಲ್ಲಿ ತುಂಬಿ ಕೊಡಲಾದೀತೇ? ಕೆಲಸ ಸಿಗಲಿ ಅಂತ ನಾನೂ ಕಾಯುತ್ತ ಕೂತೆ. ಮಾಸ್ತಮ್ಮನ ಬಾಗಿಲು ದಾಟುವಾಗ ನಾನೂ ಚಪ್ಪಲಿ ಕೈಯಲ್ಲಿ ಹಿಡಿದೆ. ಮೊನ್ನೆ ಬೆಳಿಗ್ಗೆ ಅವಳು ನನ್ನ ಬಾಗಿಲು ತಟ್ಟಿ, ಒಳಗಿದ್ದೀಯೇನೇ, ಅಂತ ಕೂಗಿದಳು. ನಾನು ಕದದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆ. ಆಗ ನನಗೆ ನೀನು ಕಂಡೆ, ಆಯಿ. ಅದೇ ಕದದ ಹಿಂದೆ, ನನ್ನ ಪಕ್ಕದಲ್ಲೇ ನಿಂತ ಹಾಗೆ. ಎಂಥ ಹೆಡ್ಡಿಯರು ನಾವಿಬ್ಬರೂ ಅನ್ನಿಸಿತು.

ಅದಕ್ಕೇ ಈ ಕಾಗದ. ನೀನು ಎದ್ದು ಬಟ್ಟಲು ಹಿಂತಿರುಗಿಸಿದರೆ ನನ್ನ ಮುಂದಿರುವುದು ಮಾಯವಾಗುತ್ತದೆಯಂತೆ, ಅಂಚೆಯವನು ಹೇಳಿದ. ನಿಜಕ್ಕೂ ಸಂಕಟವಾಯಿತು. ಇಡೀ ವಂಶದಿಂದ ನನಗೆ ಉಳಿದದ್ದು ಅದೊಂದೇ. ಬರೆಯುತ್ತ ಬರೆಯುತ್ತ ಎಡಗೈಯಲ್ಲಿ ಅದನ್ನು ಹಿಡಿದೇ ಇದ್ದೇನೆ. ಹೋಗಲಿ ಬಿಡು, ಅದು ನಮ್ಮದಲ್ಲವಲ್ಲ. ಹೆಪ್ಪಿಗೆ ಯಾವ ಬಟ್ಟಲಾದರೇನು.

ಮಂಜು ಕರಗುತ್ತಿದೆ. ಮಾಸ್ತಮ್ಮ ಅಂಗಳದಲ್ಲಿ ಕೊಡ ಬದಲಿಸುತ್ತಿರುವ ಸದ್ದು ಕೇಳುತ್ತಿದೆ. ಕಾಗದ ಅಂಚೆಗೆ ಹಾಕಿ ನೇರ ಅಲ್ಲಿಗೇ ಹೋಗುತ್ತೇನೆ, ಚಪ್ಪಲಿ ಕಾಲಲ್ಲೇ ಹಾಕಿಕೊಂಡು. ಅವಳಿಗೆ ಹೇಳಲು ಏನಾದರೂ ಇದೆಯೋ ಇಲ್ಲವೋ ಗೊತ್ತಿಲ್ಲ, ನನಗಂತೂ ಹೇಳಲು ಒಂಬತ್ತು ತಿಂಗಳಿನದು ಇದೆ. ಸಹಿಯನ್ನು ಇಲ್ಲೇ ಹಾಕಿಬಿಡುತ್ತೇನೆ, ಕೊನೆಯ ಜಾಗ ನಿನಗೆ ನೆನಪುಳಿಯುವ ಆ ಒಂದು ವಾಕ್ಯಕ್ಕೆ ಬೇಕು. ಇಂತಿ, ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು, ತೆರೆಮಲ್ಲಿ.

ಏಳು ಗಂಗಮಾಳವ್ವ, ಬಟ್ಟಲು ಖಾಲಿಯಿದ್ದರೂ ಇರಲಿ, ಹೋಗಿ ಪಂಕಜಮ್ಮನ ಬಾಗಿಲು ತಟ್ಟು.