ಮ್ಯೂಟ್ ಒತ್ತಿ ಬೈದದ್ದು

ಸೋಮವಾರ, ೩

ಮತ್ತೆ ಅದೇ ಫ್ರಿಜ್ ಮೇಡಂ. ರಿಪೇರಿಯವನು ಇನ್ನೂ ಬಂದಿಲ್ಲವೆಂದು ನನ್ನ ಹುಟ್ಟನ್ನೇ ಜಾಲಾಡಿದರು. ನಾನೇನು ಅವನನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತೇನೆಯೇ? ನಮ್ಮ ಕಾಲ್ ಸೆಂಟರಿನಲ್ಲಿ ಗ್ರಾಹಕರಿಗಿಂತ ಮೊದಲು ನಾವು ಫೋನ್ ಇಡುವ ಹಾಗಿಲ್ಲ. ಇಟ್ಟರೆ ಮೆಮೊ. ಮ್ಯೂಟ್ ಒತ್ತಿ, ಬಾಯಿತುಂಬ ಬೈದು, ಮ್ಯೂಟ್ ತೆಗೆದು, ಖಂಡಿತ ಕಳಿಸ್ತೀವಿ ಮೇಡಂ ಅಂದೆ. ಎದೆ ಹಗುರಾಯಿತು.

ಇದನ್ನು ಕಲಿಸಿದವಳು ಗುಬ್ಬಿ. ಮೂಲೆಯ ಸೀಟು ಅವಳದು — ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ನಾನು. ಸೇರಿದ ಹೊಸದರಲ್ಲಿ ಬಾತ್‌ರೂಮಿನಲ್ಲಿ ಅಳುತ್ತಿದ್ದ ನನ್ನನ್ನು ದರದರ ಎಳೆದು ತಂದು ಆ ಬಟನ್ ತೋರಿಸಿದ್ದಳು. ಅಳಬೇಡ, ಬೈಯಿ, ಅವರಿಗೆ ಕೇಳಿಸಲ್ಲ ಅಂತ.

ಗುರುವಾರ, ೬

ಕೌನ್ಸೆಲರ್ ಬಂದಿದ್ದರು. ಬೆಣ್ಣೆಯಂಥ ದನಿ. ಸ್ಟ್ರೆಸ್ ಟೆಸ್ಟ್ ಅಂತೆ. ನಿದ್ದೆ ಬರುತ್ತದೆಯೇ, ಮನೆಯವರ ಮೇಲೆ ರೇಗುತ್ತೀರಾ... ಸೊನ್ನೆಯಿಂದ ನಾಲ್ಕರವರೆಗೆ ಸುತ್ತು ಹಾಕಬೇಕು. ಹೆಸರು ಬೇಡ, ಯಾರಿಗೂ ತೋರಿಸುವುದಿಲ್ಲ ಎಂದರು. ಗುಬ್ಬಿ ಓದದೆಯೇ ಎಲ್ಲಕ್ಕೂ ಸೊನ್ನೆ. ನಾನು ಎಲ್ಲಕ್ಕೂ ನಾಲ್ಕು. ಕೇಳುವವರೇ ಇಲ್ಲದಿದ್ದಾಗ ಕೇಳಿದ್ದಾರೆ, ಬಿಡುವುದುಂಟೇ!

ಕೊನೆಯ ಪ್ರಶ್ನೆ — ಒತ್ತಡವನ್ನು ಹೇಗೆ ನಿಭಾಯಿಸುತ್ತೀರಿ, ಯಾರ ನೆರವಿದೆ? ಖಾಲಿ ಬಿಡಬಹುದಿತ್ತು. ಬರೆದೆ: ಮ್ಯೂಟ್ ಒತ್ತಿ ಬೈಯುತ್ತೇನೆ. ಕಲಿಸಿದ್ದು ಪಕ್ಕದ ಸೀಟಿನವಳು. ಅವಳಿಲ್ಲದಿದ್ದರೆ ಎಂದೋ ಕೆಲಸ ಬಿಡುತ್ತಿದ್ದೆ. ಬರೆಯುವಾಗ ಕಣ್ಣು ತುಂಬಿತು. ಎದುರಿಗೆ ಹೇಳಿದ್ದರೆ ನಾಟಕ ಸಾಕು ಅನ್ನುತ್ತಿದ್ದಳು.

ಬುಧವಾರ, ೧೨

ಮೀಟಿಂಗ್. ಮ್ಯಾನೇಜರ್ ಒಂದು ಹಾಳೆ ಓದಿದ. ‘ಉದಾಹರಣೆಗೆ’ ಅಂತೆ. ನನ್ನದೇ ವಾಕ್ಯಗಳು! ಯಾರೋ ಕಿಸಕ್ಕೆಂದರು. ಅವನು ನಗಲಿಲ್ಲ. ಮ್ಯೂಟ್ ಒತ್ತಿದರೆ ಗ್ರಾಹಕರಿಗಷ್ಟೇ ಕೇಳಿಸುವುದಿಲ್ಲವಂತೆ, ರೆಕಾರ್ಡಿಂಗ್‌ನಲ್ಲಿ ಎಲ್ಲವೂ ಇರುತ್ತದಂತೆ. ನಮಗ್ಯಾರಿಗೂ ಗೊತ್ತಿರಲಿಲ್ಲ. ಈ ಚಾಳಿ ಕಲಿಸುವವರು ಯಾರು, ಹುಡುಕಿಸುತ್ತೇನೆ ಎಂದ.

ಎಲ್ಲರೂ ಮುಖ ಮುಖ ನೋಡಿಕೊಂಡರು. ಗುಬ್ಬಿ ನನ್ನನ್ನೇ ನೋಡಿದಳು. ಮತ್ತಿನ್ಯಾರನ್ನು ನೋಡಬೇಕು? ಗೋಡೆ ಬರೆಯುತ್ತದೆಯೇ?

ಶುಕ್ರವಾರ, ೧೪

ಎಲ್ಲರ ರೆಕಾರ್ಡಿಂಗ್ ತೆಗೆಸಿ ಕೇಳಿದ್ದಾರೆ, ಎಲ್ಲರಿಗಿಂತ ಹಳೆಯ ಬೈಗುಳ ಗುಬ್ಬಿಯದಂತೆ. ಅವಳಿಗೆ ಇವತ್ತೇ ಕೊನೆಯ ದಿನ ಎಂದಿದ್ದಾರೆ.

ಮ್ಯಾನೇಜರ್ ಹತ್ತಿರ ಹೋದೆ. ಬರೆದವಳು ನಾನು, ನಾನೂ ಬೈದಿದ್ದೇನೆ, ನನ್ನನ್ನೂ ತೆಗೆಯಿರಿ ಎಂದೆ. ಅವನು ನಗುತ್ತಾ, “ನೋಡಮ್ಮಾ, ನೀನು ಪ್ರಾಮಾಣಿಕವಾಗಿ ಹೇಳ್ದೆ. ಕೆಡಿಸಿದವಳು ಹೋದ್ಲು, ಇನ್ನು ನಿನ್ನ ಸ್ಟ್ರೆಸ್ಸೂ ಕಮ್ಮಿ ಆಗುತ್ತೆ” ಎಂದ. ಥೂ. ಮುಖಕ್ಕೆ ಉಗಿಯಬೇಕಿತ್ತು. ವಾಪಸ್ ಬಂದು ಹೆಡ್‌ಸೆಟ್ ಹಾಕಿಕೊಂಡೆ. ಅಷ್ಟೇ ನನ್ನ ಯೋಗ್ಯತೆ.

ಡ್ರಾಯರ್ ಖಾಲಿ ಮಾಡಿ ಹೊರಟವಳ ಹಿಂದೆ ಲಿಫ್ಟ್‌ವರೆಗೂ ಓಡಿದೆ. ಒಂದೇ ಮಾತು ಹೇಳಿದಳು.

“ಅಷ್ಟೊಂದು ಪ್ರೀತಿ ಇದ್ರೆ ನನ್ನ ಹತ್ರ ಹೇಳ್ಬೇಕಿತ್ತು ಕಣೇ. ಆ ಹಾಳೆಗ್ಯಾಕೆ ಹೇಳ್ದೆ?”

ಬುಧವಾರ, ೨೬

ಟೆಸ್ಟಿನ ರಿಪೋರ್ಟ್ ಬಂತು. ನಮ್ಮ ವಿಭಾಗದ ಒತ್ತಡ ‘ಮಧ್ಯಮ’ವಂತೆ. ಸಲಹೆಗಳು: ದೀರ್ಘವಾಗಿ ಉಸಿರಾಡಿ. ನೀರು ಕುಡಿಯಿರಿ. ಆಪ್ತರೊಂದಿಗೆ ಮನಸ್ಸು ಬಿಚ್ಚಿ ಮಾತಾಡಿ.

ಆಪ್ತರನ್ನು ಕಂಪನಿಯೇ ಕೊಡುತ್ತದೆಯೇ, ನಾವೇ ತಂದುಕೊಳ್ಳಬೇಕೇ?

ಆಫೀಸಲ್ಲಿ ಇನ್ಯಾರಾದರೂ ಸಿಗುತ್ತಾರೆ ಬಿಡು ಎಂದ ಗಂಡ. ತಟ್ಟೆ ಎಸೆಯಲಿಲ್ಲ. ಕುಕ್ಕಿದೆ. ಆಮೇಲೆ ಊಟ ಮುಗಿಯುವವರೆಗೂ ಮಗಳು ತಲೆ ಎತ್ತಲೇ ಇಲ್ಲ.

ಭಾನುವಾರ, ೩೦

ಗುಬ್ಬಿ ಫೋನ್ ಎತ್ತಿದಳು! ಇಷ್ಟು ದಿನ ಎತ್ತುತ್ತಿರಲಿಲ್ಲ. ಹಲೋ ಅನ್ನಲಿಲ್ಲ. ಅವಳ ಮನೆಯ ಟಿವಿ ಕೇಳಿಸುತ್ತಿತ್ತು. ನಾನೇ ಹೇಳುತ್ತಾ ಹೋದೆ — ತಪ್ಪಾಯಿತು, ನಂಬಿ ಕೆಟ್ಟೆ, ಕೆಟ್ಟದ್ದು ಮಾತ್ರ ನೀನು, ಆ ಖಾಲಿ ಸೀಟಿನ ಕಡೆ ನೋಡಲಾಗುತ್ತಿಲ್ಲ...

ಫಕ್ಕನೆ ಟಿವಿ ನಿಂತಿತು. ಎಲ್ಲ ಸದ್ದೂ ನಿಂತಿತು. ಲೈನ್ ಕಟ್ಟಾಯಿತೇನೋ ಎಂದು ನೋಡಿದೆ, ಸೆಕೆಂಡುಗಳು ಓಡುತ್ತಿದ್ದವು. ಆ ಮೌನ ನನಗೆ ಗೊತ್ತಿಲ್ಲದ್ದೇ? ಮ್ಯೂಟ್ ಒತ್ತಿದ್ದಾಳೆ. ಬೈಯುತ್ತಿದ್ದಾಳೆ. ನನ್ನನ್ನು.

ಬೈಯಲಿ. ನಾನಂತೂ ಇಡುವುದಿಲ್ಲ. ಸ್ಪೀಕರ್ ಹಾಕಿ, ಫೋನ್ ಪಕ್ಕದಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಟೀ ಆರಿತು. ಇನ್ನೂ ಕಟ್ ಮಾಡಿಲ್ಲ. ಎಷ್ಟು ಬೈಗುಳ ಇಟ್ಟುಕೊಂಡಿದ್ದಾಳೋ ಮಹಾತಾಯಿ...

ಈಗ ಟಿವಿ ಕೇಳಿಸಿತು. ಮ್ಯೂಟ್ ತೆಗೆದಳು. ಉಸಿರು ಕೇಳಿಸುತ್ತಿದೆ. ಏನೋ ಹೇಳ—